ವ್ಯಾಟ್ ಕೇಳುವ ಮುನ್ನ ಓಮ್ ನೋಡಿ

ಅಕ್ಕಲಕೋಟ: ಸ್ಪೀಕರ್ ಕೊಳ್ಳಲು ಹೋದವರ ಮೊದಲ ಪ್ರಶ್ನೆ ಒಂದೇ. ಮರಾಠಿಯಲ್ಲಾದರೆ ‘ಕಿತಿ ವ್ಯಾಟ್?’, ಕನ್ನಡದಲ್ಲಾದರೆ ‘ಎಷ್ಟ್ ವ್ಯಾಟ್ ಐತ್ರಿ?’. ದೊಡ್ಡ ಅಂಕಿ ಕೇಳಿದರೆ ವ್ಯಾಪಾರ ಮುಗೀತು. ಆದರೆ ರಿಸೀವರ್ ಒಂದು ವರ್ಷ, ಸ್ಪೀಕರ್ ಇನ್ನೊಂದು ವರ್ಷ, ಸಬ್‌ವೂಫರ್ ಮತ್ತೊಂದು ದೀಪಾವಳಿಗೆ ಎಂದು ಕೂಡಿಸುವ ಮನೆಗಳಲ್ಲಿ ರೊಕ್ಕ ಹಾಳಾಗುವುದು ಇಲ್ಲಿಯೇ.

ಡಬ್ಬಿಯ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನು ಬಿಟ್ಟುಬಿಡಿ. ಎಲ್ಲರೂ ಒಪ್ಪಿದ ಅಳತೆಯೇ ಅದಕ್ಕಿಲ್ಲ. ನಿರಂತರವಾಗಿ ಸಿಗುವ ಶಕ್ತಿಯನ್ನು ಹೇಳುವುದು ಆರ್‌ಎಂಎಸ್. ಅದೂ ಎರಡು ಚಾನೆಲ್ ನಡೆದಾಗಿನದೋ, ಐದೂ ನಡೆದಾಗಿನದೋ ಕೇಳಿ.

ಇನ್ನು ಓಮ್. ಇದು ಸ್ಪೀಕರ್ ಒಡ್ಡುವ ತಡೆ. ಇದು ಕಡಿಮೆಯಾದಷ್ಟೂ ರಿಸೀವರ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ರಿಸೀವರ್ ಹಿಂಬದಿ ತಂತಿ ಸಿಕ್ಕಿಸುವಲ್ಲಿ ‘6ರಿಂದ 16 ಓಮ್’ ಎಂದಿದ್ದರೆ 8 ಓಮಿನ ಸ್ಪೀಕರ್ ಹಾಕಿ ನಿಶ್ಚಿಂತರಾಗಿರಬಹುದು. ಹಳೇ ಡಿವಿಡಿ ಹೋಮ್ ಥಿಯೇಟರ್ ಸೆಟ್ಟುಗಳಲ್ಲಿ 3, 4 ಓಮಿನ ಸ್ಪೀಕರ್‌ಗಳೂ ಬರುತ್ತಿದ್ದವು. ‘ಡಿವಿಡಿ ಕೆಟ್ಟೈತಿ, ಸ್ಪೀಕರ್ ಚಲೋ ಅದಾವ’ ಎಂದು ಅವನ್ನೇ ಹೊಸ ರಿಸೀವರಿಗೆ ಹಚ್ಚಿದರೆ ಸಣ್ಣ ದನಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಬ್ಬದ ದಿನ ಬೀಗರೆದುರು ದನಿ ಏರಿಸಿದಾಗ ರಿಸೀವರ್ ಕಾದು ತಾನೇ ಬಂದ್ ಆಗುತ್ತದೆ. ಮತ್ತೆ ಮತ್ತೆ ಹಾಗೇ ನಡೆಸಿದರೆ ಒಳಗೆ ಸುಟ್ಟುಹೋದೀತು. 8 ಓಮಿನ ಎರಡು ಸ್ಪೀಕರ್‌ಗಳನ್ನು ಒಂದೇ ಟರ್ಮಿನಲ್ಲಿಗೆ ಪ್ಯಾರಲಲ್ ಆಗಿ ಜೋಡಿಸಿದರೂ ಲೆಕ್ಕ 4 ಓಮಿಗೆ ಇಳಿಯುತ್ತದೆ.

ದನಿ ಎಷ್ಟು ಜೋರು ಎಂಬುದಕ್ಕೆ ಸೆನ್ಸಿಟಿವಿಟಿ ನೋಡಬೇಕು. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರ್ 100 ವ್ಯಾಟಿನಲ್ಲಿ ಮಾಡುವ ಸದ್ದನ್ನು 90 ಡೆಸಿಬೆಲ್‌ನದು 50 ವ್ಯಾಟಿನಲ್ಲೇ ಮಾಡುತ್ತದೆ. ಇದನ್ನು ಕೇಳುವ ಗಿರಾಕಿ ಅಪರೂಪ.

ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ ಓಮಿನ ಗೊಡವೆ ಇಲ್ಲ; ರಿಸೀವರಿನ ‘ಸಬ್ ಔಟ್’ನಿಂದ ಒಂದು ಕೇಬಲ್ ಸಾಕು. ಸಣ್ಣ ಸ್ಪೀಕರ್‌ಗಳಿದ್ದರೆ ರಿಸೀವರ್ ಮೆನುವಿನಲ್ಲಿ ‘ಸ್ಮಾಲ್’ ಆರಿಸಿ, ಕ್ರಾಸ್‌ಓವರ್ 80 ಹರ್ಟ್ಜ್‌ನಿಂದ ಶುರುಮಾಡಿ. ಅದಕ್ಕಿಂತ ಕೆಳಗಿನ ದಪ್ಪ ದನಿಯೆಲ್ಲ ಸಬ್‌ವೂಫರಿಗೆ ಹೋಗುತ್ತದೆ. ಆಗ ಸಬ್‌ವೂಫರಿನ ಮೇಲಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಡಿ, ಇಲ್ಲವಾದರೆ ಒಂದೇ ದನಿಗೆ ಎರಡು ಸಲ ಕತ್ತರಿ.

ಮೂಲೆಯಲ್ಲಿಟ್ಟರೆ ಗುಂಯ್‌ಗುಟ್ಟುವುದು ಹೆಚ್ಚು. ತಗಡಿನ ಮನೆಯಲ್ಲಂತೂ ಹಾಡಿಗಿಂತ ಪತ್ರಾದ ಸದ್ದೇ ಜೋರು. ಸಬ್‌ವೂಫರನ್ನು ನೀವು ಕೂಡುವ ಜಾಗದಲ್ಲಿಟ್ಟು ಹಾಡು ಹಚ್ಚಿ, ಕೋಣೆಯ ಸುತ್ತ ಬಗ್ಗಿ ಕೇಳುತ್ತ ಬನ್ನಿ. ದನಿ ಸಮನಾಗಿ ಕೇಳಿದ ಕಡೆ ಅದನ್ನು ಇಡಿ. ಮನೆಮಂದಿ ನಕ್ಕರೆ ನಗಲಿ.

ಅಭಂಗ, ವಚನ ಕೇಳುವ ಮನೆಗೆ ಸಬ್‌ವೂಫರ್ ಅವಸರವಿಲ್ಲ. ಹಾಡುವವರ ದನಿ ಬಹುಪಾಲು 80 ಹರ್ಟ್ಜ್‌ಗಿಂತ ಮೇಲೆಯೇ ಇರುತ್ತದೆ. ಗ್ವಾಡಿಗೆ ಗ್ವಾಡಿ ಹತ್ತಿದ ಮನೆಗಳಲ್ಲಿ ಪಕ್ಕದವರ ನಿದ್ದೆಯನ್ನೂ ನೋಡಬೇಕಲ್ಲ. ಅದೇ ರೊಕ್ಕ ಎರಡು ಒಳ್ಳೇ ಸ್ಪೀಕರಿಗೆ ಹಾಕುವುದು ಲೇಸು.

ಹೊಸ ರಿಸೀವರ್ ತರುವ ಮುನ್ನ ಹಳೇ ಸ್ಪೀಕರ್ ಹಿಂದಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗಿ. ಅಕ್ಷರ ಅಳಿಸಿದ್ದರೆ ತಂತಿ ಬಿಚ್ಚಿ, ರಿಪೇರಿಯವರ ಹತ್ತಿರ ಮೀಟರ್ ಹಚ್ಚಿಸಿ. 8 ಓಮಿನದು ಸುಮಾರು 6, 4 ಓಮಿನದು 3ರ ಆಸುಪಾಸು ತೋರಿಸುತ್ತದೆ.