ಮಾತು ಕಿವಿಗೆ ಬೀಳುತ್ತದೆ, ಅರ್ಥ ಎಲ್ಲಿ ತಪ್ಪುತ್ತದೆ?

ನಮ್ಮ ನೆರೆಮನೆಯ ಕಾಕನಿಗೆ ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಲ್ಲೊಂದು ಜಗಳ ಶುರುವಾಯಿತು. 'ಬಾಪನಿಗೆ ಎಲ್ಲ ಗೊತ್ತಾಗುತ್ತದೆ, ಬೇಕಂತಲೇ ಹಠ ಮಾಡುತ್ತಾರೆ' ಅಂತ ಮಗ. 'ಏನೂ ಗೊತ್ತಾಗುವುದಿಲ್ಲ, ತಲೆಯೇ ಹೋಗಿದೆ' ಅಂತ ಮಗಳು. ಇಬ್ಬರ ಬಳಿಯೂ ಸಾಕ್ಷಿ ಇತ್ತು. ಸಲಾಂ ಹೇಳಿದರೆ ಕಾಕ ತಪ್ಪದೆ ಜವಾಬು ಕೊಡುತ್ತಿದ್ದರು. ಫಾತಿಹಾ ಓದಲು ಶುರು ಮಾಡಿದರೆ ಎಲ್ಲೂ ತಡವರಿಸುತ್ತಿರಲಿಲ್ಲ. ಆದರೆ 'ಮೇಜಿನ ಮೇಲಿರುವ ಕನ್ನಡಕ ತೆಗೆದು ಉಮ್ಮನ ಕೈಗೆ ಕೊಡಿ' ಅಂದರೆ ಚಾ ಗ್ಲಾಸು ಎತ್ತಿಕೊಂಡು ಕೂರುತ್ತಿದ್ದರು.

ಮಿದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವ ಈ ಸ್ಥಿತಿಗೆ ಅಫೇಸಿಯಾ ಎನ್ನುತ್ತಾರೆ. ಅದು ಹುಚ್ಚಲ್ಲ, ಕಿವುಡೂ ಅಲ್ಲ. ಬಾಯಿಪಾಠವಾದ ಮಾತುಗಳು, ಅಂದರೆ ಸಲಾಂ, ಎಣಿಕೆ, ಪ್ರಾರ್ಥನೆ, ಹಾಡು, ಉಳಿದ ಭಾಷೆ ಹೋದಾಗಲೂ ಎಷ್ಟೋ ಮಂದಿಯಲ್ಲಿ ಉಳಿಯುತ್ತವೆ. ಹಾಗಾಗಿ ಸಲಾಂಗೆ ಜವಾಬು ಬಂತು ಅಂದ ಮಾತ್ರಕ್ಕೆ ಮುಂದಿನ ಮಾತೆಲ್ಲ ಅರ್ಥವಾಗುತ್ತಿದೆ ಅಂತ ತಿಳಿಯುವ ಹಾಗಿಲ್ಲ.

ಇದರ ಹಿಂದೆ ಬಹಳ ಹಳೆಯ ಕಥೆ ಇದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಒಂದು ಸದ್ದು ಬಿಟ್ಟರೆ ಹೆಚ್ಚೇನೂ ಆಡಲಾಗದೆ ಸತ್ತ ಲೆಬೋರ್ನ್ ಎಂಬ ರೋಗಿಯ ಮಿದುಳನ್ನು ಪರೀಕ್ಷಿಸಿದರು. ಎಡಭಾಗದ ಮುಂದೆ ಹಾನಿ ಕಂಡಿತು. ಇದು ಮಾತಾಡುವ ಜಾಗ ಅಂದರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಆಗ ಅವರಿಗಿನ್ನೂ 26 ವರ್ಷ, ಸರಾಗವಾಗಿ ಮಾತಾಡುವ, ಆದರೆ ಆ ಮಾತಿಗೆ ತಲೆಬುಡ ಇಲ್ಲದ, ಇತರರ ಮಾತೂ ಅರ್ಥವಾಗದ ರೋಗಿಗಳ ಬಗ್ಗೆ ಬರೆದರು. ಹಾನಿ ಎಡಭಾಗದ ಹಿಂದೆ, ಕಿವಿಯ ಮೇಲಿನ ನೇರಕ್ಕೆ ಇತ್ತು. ಅಲ್ಲಿಗೆ ಲೆಕ್ಕ ಮುಗಿಯಿತು: ಮುಂದೆ ಆಡುವ ಜಾಗ, ಹಿಂದೆ ಅರ್ಥ ಮಾಡಿಕೊಳ್ಳುವ ಜಾಗ. ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕಗಳು ಇದನ್ನೇ ಹೇಳಿದವು.

ಈ ಲೆಕ್ಕವನ್ನು ಮತ್ತೆ ಬಿಚ್ಚಿದವರಲ್ಲಿ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕಿ ನೀನಾ ಡ್ರಾಂಕರ್ಸ್. ನಿವೃತ್ತ ಸೈನಿಕರಿಗೆ ಚಿಕಿತ್ಸೆ ಕೊಡುವ ಸರಕಾರಿ ವ್ಯವಸ್ಥೆಯೊಳಗೆ ವರ್ಷಗಟ್ಟಲೆ ಅಫೇಸಿಯಾ ರೋಗಿಗಳ ಜೊತೆ ಕೆಲಸ ಮಾಡಿದವರು. 2004ರಲ್ಲಿ ಅವರು ಮತ್ತು ಸಂಗಡಿಗರು ಎಡಮಿದುಳಿಗೆ ಸ್ಟ್ರೋಕ್ ಆದ 64 ಮಂದಿಯ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ವಾಕ್ಯ ಹೇಳುವುದು, ಎದುರಿಗೆ ಕೆಲವು ಚಿತ್ರ ಇಡುವುದು, ವಾಕ್ಯಕ್ಕೆ ಸರಿಹೊಂದುವ ಚಿತ್ರ ತೋರಿಸಿ ಅನ್ನುವುದು. ಮೊದಲು ಸುಲಭದ ವಾಕ್ಯ, ಆಮೇಲೆ ಕಷ್ಟದ್ದು. ಪರೀಕ್ಷೆ ಇಂಗ್ಲಿಷ್‌ನಲ್ಲಿ ನಡೆದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ತಂಗಿ ಅಕ್ಕನನ್ನು ಕರೆದಳು', 'ತಂಗಿಯನ್ನು ಅಕ್ಕ ಕರೆದಳು'. ಪದಗಳು ಅವೇ. ಯಾರು ಯಾರನ್ನು ಕರೆದರು ಎಂಬುದು 'ಅನ್ನು' ಎಲ್ಲಿ ಕೂತಿದೆ ಎನ್ನುವುದರ ಮೇಲೆ ನಿಂತಿದೆ. ನಾವು ಯೋಚನೆಯೇ ಮಾಡದೆ ದಾಟಿಹೋಗುವ ಈ ಜಾಗದಲ್ಲಿ ಅಫೇಸಿಯಾ ಇದ್ದವರು ಎಡವುತ್ತಾರೆ.

ಆಮೇಲೆ ಮಿದುಳಿನ ಚಿತ್ರವನ್ನು ಸಣ್ಣ ಸಣ್ಣ ಚೂರುಗಳಾಗಿ ವಿಂಗಡಿಸಿ, ಪ್ರತಿ ಚೂರಿಗೂ ಒಂದೇ ಪ್ರಶ್ನೆ: ಇಲ್ಲಿ ಹಾನಿ ಇದ್ದವರ ಅಂಕ, ಇಲ್ಲದವರ ಅಂಕಕ್ಕಿಂತ ಕಡಿಮೆಯೇ? ಉತ್ತರ ಪುಸ್ತಕದ ಹಾಗೆ ಬರಲಿಲ್ಲ. ಬ್ರೋಕಾ ಜಾಗವೂ ಅಲ್ಲ, ವೆರ್ನಿಕೆ ಜಾಗವೂ ಅಲ್ಲ, ಅವುಗಳ ಆಸುಪಾಸಿನ ಬೇರೆ ಐದು ಪ್ರದೇಶಗಳು ಎದ್ದುಬಂದವು. ವೆರ್ನಿಕೆ ಜಾಗಕ್ಕಿಂತ ಕೆಳಗೆ, ಎಡಗಿವಿಯ ಬದಿಗೆ ಇರುವ ಒಂದು ಮಡಿಕೆಗೆ ಪೆಟ್ಟು ಬಿದ್ದರೆ ಬಿಡಿ ಪದದ ಅರ್ಥವೇ ಸಿಗುವುದು ಕಷ್ಟ. ಉಳಿದ ನಾಲ್ಕು ಕಡೆ ಪೆಟ್ಟಾದರೆ ಪದ ಗೊತ್ತಾಗುತ್ತದೆ, ಉದ್ದದ ವಾಕ್ಯ ಕೈಜಾರುತ್ತದೆ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿದ್ದಾರೆ ಅಂತಲ್ಲ. ವೆರ್ನಿಕೆ ಜಾಗದ ಕೆಲಸವೇನು ಎಂಬ ಚರ್ಚೆ ಇನ್ನೂ ನಡೆದೇ ಇದೆ. ಆದರೆ 'ಅರ್ಥವಾಗುವುದು' ಎಂಬುದು ಒಂದೇ ಸ್ವಿಚ್ಚಿನ ದೀಪ ಅಲ್ಲ ಎನ್ನುವುದು ಮಾತ್ರ ಗಟ್ಟಿಯಾಗಿದೆ.

ಡ್ರಾಂಕರ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಪ್ಯಾರಿಸ್‌ನಲ್ಲಿ ಕಾದಿಟ್ಟಿದ್ದ ಲೆಬೋರ್ನ್‌ನ ಮಿದುಳನ್ನೇ ಎಂಆರ್‌ಐ ಸ್ಕ್ಯಾನ್ ಮಾಡಿದರು. ಬ್ರೋಕಾ ಹೊರಗಿನಿಂದ ನೋಡಿದ್ದಕ್ಕಿಂತ ಹಾನಿ ಎಷ್ಟೋ ಒಳಕ್ಕೆ ಹೋಗಿತ್ತು. ಆ ವರದಿ ಬಂದದ್ದು 2007ರಲ್ಲಿ, ಲೆಬೋರ್ನ್ ಸತ್ತು 146 ವರ್ಷದ ಮೇಲೆ!

ಕಾಕನ ಮಿದುಳಿನಲ್ಲಿ ಪೆಟ್ಟು ಎಲ್ಲಿ ಬಿದ್ದಿದೆ ಅಂತ ವೈದ್ಯರು ಹೇಳಬೇಕು, ನಾನಲ್ಲ. ಆದರೆ ಮಗ, ಮಗಳು ಇಬ್ಬರೂ ಅರ್ಧರ್ಧ ಸರಿ ಇದ್ದರು ಅಂತ ಈಗ ಅನಿಸುತ್ತದೆ. 'ಕನ್ನಡಕ' ಅಂದು ಬೆರಳು ತೋರಿಸಿದರೆ ಅವರು ತೆಗೆದುಕೊಡುತ್ತಾರೆ. ಮೇಜು, ಮೇಲೆ, ಉಮ್ಮ, ಕೈ ಎಲ್ಲ ಒಂದೇ ಉಸಿರಿಗೆ ಬಂದಾಗ ದಾರಿ ತಪ್ಪುತ್ತದೆ. ಅಂಥವರ ಹತ್ತಿರ ಜೋರಾಗಿ ಕೂಗಿ ಪ್ರಯೋಜನವಿಲ್ಲ. ಟಿವಿ ಆರಿಸಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ಮಾತು, ಕೈಸನ್ನೆ ಸಮೇತ. ಹೌದು ಅಥವಾ ಅಲ್ಲ ಅಂತ ತಲೆಯಾಡಿಸಿದರೆ ಸಾಕಾಗುವ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ಕಾಯುವುದೇ ಮನೆಯವರಿಗೆ ದೊಡ್ಡ ಕಷ್ಟ.

ನಮ್ಮ ಮನೆಗಳಲ್ಲಿ ಇನ್ನೊಂದು ಗಂಟಿದೆ. ಆ 64 ಮಂದಿ ಇಂಗ್ಲಿಷ್‌ನಲ್ಲೇ ಬೆಳೆದವರು. ನಮ್ಮಲ್ಲಿ ಒಳಗೆ ಬ್ಯಾರಿ, ಅಂಗಡಿಯಲ್ಲಿ ತುಳು, ಕಾಗದಪತ್ರಕ್ಕೆ ಕನ್ನಡ, ಗಲ್ಫಿಗೆ ಹೋಗಿಬಂದವರಿಗೆ ಹಿಂದಿ, ಒಂದಿಷ್ಟು ಅರಬಿ. ಹಲವು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಎಲ್ಲ ಭಾಷೆಗಳೂ ಒಟ್ಟಿಗೆ ಸುಧಾರಿಸುತ್ತವೆ, ಕೆಲವರಲ್ಲಿ ಒಂದು ಮೊದಲು ಬಂದು ಇನ್ನೊಂದು ಹಿಂದೆ ಬೀಳುತ್ತದೆ. ವಾಕ್ ಚಿಕಿತ್ಸಕರು ಕನ್ನಡದಲ್ಲಿ ಕೇಳಿ, ರೋಗಿ ಸುಮ್ಮನಿದ್ದರೆ, ಅದು ಅರ್ಥವಾಗದೆಯೋ, ಕನ್ನಡ ಅವರ ಮನೆಮಾತು ಅಲ್ಲದೆಯೋ? ಹೋಗುವಾಗ ಮನೆಯವರು ಒಬ್ಬರು ಜೊತೆಗಿದ್ದು, 'ಮನೆಯಲ್ಲಿ ಇವರು ಬ್ಯಾರಿ ಮಾತಾಡುವುದು, ವ್ಯಾಪಾರ ತುಳುವಿನಲ್ಲಿ' ಅಂತ ಮೊದಲೇ ಹೇಳಿಬಿಡಬೇಕು. ಮಂಗಳೂರಿನಲ್ಲಿ ವಾಕ್ ಮತ್ತು ಶ್ರವಣ ಚಿಕಿತ್ಸೆ ಕಲಿಸುವ ಕಾಲೇಜುಗಳಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಕಾಕನ ಮಗಳು ಈಗ ಹೊಸ ಕ್ರಮ ಹಿಡಿದಿದ್ದಾಳೆ. ಚಾ ಗ್ಲಾಸು ಒಂದು ಕೈಯಲ್ಲಿ, ಗಂಜಿ ಬಟ್ಟಲು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು, 'ಬಾಪ, ಚಾ? ಗಂಜಿ?' ಅಂತ ಬ್ಯಾರಿಯಲ್ಲೇ ಕೇಳುತ್ತಾಳೆ. ಕಾಕ ಸ್ವಲ್ಪ ಹೊತ್ತು ಎರಡನ್ನೂ ನೋಡಿ ಗ್ಲಾಸಿಗೆ ಕೈ ಚಾಚುತ್ತಾರೆ.