ಒಂದು ರಾತ್ರಿ ದಂತಕಥೆ ಆಗೋದು ಹೇಗೆ? ಗ್ರೇಟ್‌ಫುಲ್ ಡೆಡ್ ಟೇಪ್‌ಗಳನ್ನು ಮತ್ತೆ ಕೇಳುತ್ತಾ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೊದಲಿಗೇ ನಿಮಗೊಂದು ಪುಟ್ಟ ಹೋಮ್‌ವರ್ಕ್. ಫೋನಿನಲ್ಲಿ ಮ್ಯೂಸಿಕ್ ಆ್ಯಪ್ ತೆಗೆದು ‘ಡಾರ್ಕ್ ಸ್ಟಾರ್’ ಅಂತ ಹುಡುಕಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ಬ್ಯಾಂಡಿನ ಹಾಡು. 1968ರಲ್ಲಿ ಸಿಂಗಲ್ ಆಗಿ ಬಂದಾಗ ಅದರ ಉದ್ದ ಮೂರು ನಿಮಿಷಕ್ಕೂ ಕಡಿಮೆ. ಈಗ 1969ರಲ್ಲಿ ಬಂದ ‘ಲೈವ್/ಡೆಡ್’ ಆಲ್ಬಮ್‌ನಲ್ಲಿ ಅದೇ ಹಾಡು ನೋಡಿ. 23 ನಿಮಿಷ! ಹಾಡಿನ ಸಾಲುಗಳು ಹೆಚ್ಚಾಗಿದ್ದಕ್ಕೆ ಉದ್ದ ಆಗಿದ್ದಲ್ಲ. ಹಾಗಾದ್ರೆ ಉಳಿದ 20 ನಿಮಿಷ ಇವರು ಏನು ಮಾಡ್ತಾರೆ?

ಸುಮ್ನೆ ಅಲೀತಾರೆ ಅಂತ ಬೈಯೋರೂ ಇದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಕೆಲವು ರಾತ್ರಿ ನಿಜಕ್ಕೂ ಸುಮ್ನೆ ಅಲೆದಿದ್ದಾರೆ. ಆದರೆ ಕೆಲವು ರಾತ್ರಿ ಆ ಅಲೆದಾಟದಲ್ಲೇ ಐದಾರು ಜನ ಒಟ್ಟಿಗೆ ಒಂದು ಕಡೆ ತಿರುಗಿಬಿಡ್ತಾರೆ. ಯಾರು ಮೊದಲು ತಿರುಗಿದ್ದು ಅಂತ ನಿಮಗೆ ಗೊತ್ತೇ ಆಗಲ್ಲ. ಇಂಥ ಬ್ಯಾಂಡ್‌ಗಳಿಗೆ ‘ಜ್ಯಾಮ್ ಬ್ಯಾಂಡ್’ ಅಂತ ಹೆಸರು. ಹಾಡು ಅನ್ನೋದು ಇವರಿಗೆ ಮನೆ ಇದ್ದಂಗೆ. ಅಲ್ಲಿಂದ ಹೊರಟು, ಎಲ್ಲೆಲ್ಲೋ ಹೋಗಿ, ವಾಪಸ್ ಬರೋದು. ನಮ್ಮಲ್ಲಿ ಒಬ್ಬರೇ ಗಾಯಕರ ಒಂದೇ ರಾಗವನ್ನ ಬೇರೆ ಬೇರೆ ಕಛೇರಿಗಳ ಟೇಪ್‌ನಲ್ಲಿ ಹುಡುಕಿ ಕೇಳೋ ಹಿರಿಯರು ಇರ್ತಾರಲ್ಲ, ಅವರಿಗೆ ಈ ಹುಚ್ಚು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಡ್ ಹುಟ್ಟಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ. ಜೆರ್ರಿ ಗಾರ್ಸಿಯಾ ಲೀಡ್ ಗಿಟಾರ್, ಬಾಬ್ ವಿಯರ್ ಇನ್ನೊಂದು ಗಿಟಾರ್, ಫಿಲ್ ಲೆಶ್ ಬೇಸ್, ಪಿಗ್‌ಪೆನ್ ಅಂತ ಎಲ್ಲರೂ ಕರೀತಿದ್ದ ರಾನ್ ಮೆಕ್‌ಕರ್ನನ್ ಕೀಬೋರ್ಡ್ ಮತ್ತು ಹಾರ್ಮೋನಿಕಾ, ಬಿಲ್ ಕ್ರೂಟ್ಸ್‌ಮನ್ ಡ್ರಮ್ಸ್. 1967ರಲ್ಲಿ ಮಿಕ್ಕಿ ಹಾರ್ಟ್ ಎರಡನೇ ಡ್ರಮ್ಮರ್ ಆಗಿ ಸೇರಿಕೊಂಡ. ಈ ಹಾರ್ಟ್ ತಬಲಾದ ಅಲ್ಲಾ ರಖಾ ಅವರಿಂದ ಪ್ರಭಾವಿತನಾದವನು. ಮುಂದೆ ಅವರ ಮಗ ಜಾಕಿರ್ ಹುಸೇನ್ ಜೊತೆ, ನಮ್ಮ ಘಟದ ವಿಕ್ಕು ವಿನಾಯಕರಾಂ ಜೊತೆ ‘ಪ್ಲಾನೆಟ್ ಡ್ರಮ್’ ಮಾಡಿ ಗ್ರ್ಯಾಮಿ ಗೆದ್ದವನು. ‘ಲೈವ್/ಡೆಡ್’ನಲ್ಲೇ ‘ದಿ ಇಲೆವೆನ್’ ಅಂತ ಒಂದು ಟ್ರ್ಯಾಕ್ ಇದೆ. ಹೆಸರಿಗೆ ತಕ್ಕಂತೆ 11ರ ಲೆಕ್ಕದ ತಾಳ. ಕೈಯಲ್ಲಿ ಎಣಿಸುತ್ತಾ ಕೇಳಿ, ಮಜಾ ಇರುತ್ತೆ.

1995ರ ಆಗಸ್ಟ್‌ನಲ್ಲಿ ಗಾರ್ಸಿಯಾ ತೀರಿಕೊಂಡ ಮೇಲೆ ಬ್ಯಾಂಡ್ ನಿಂತುಹೋಯಿತು. ಆ 30 ವರ್ಷದಲ್ಲಿ ಇವರು ಕೊಟ್ಟ ಕಾರ್ಯಕ್ರಮ ಸುಮಾರು 2,300. ರೇಡಿಯೋದಲ್ಲಿ ಟಾಪ್ 10 ತಲುಪಿದ ಹಾಡು ಎಷ್ಟು ಗೊತ್ತಾ? ಒಂದೇ ಒಂದು. 1987ರ ‘ಟಚ್ ಆಫ್ ಗ್ರೇ’. ಅಂದ್ರೆ ಸ್ಟುಡಿಯೋ ಆಲ್ಬಮ್‌ಗಳನ್ನ ಮಾತ್ರ ಕೇಳಿದರೆ ಈ ಬ್ಯಾಂಡ್ ಯಾಕೆ ಅಷ್ಟು ದೊಡ್ಡದು ಅಂತ ಅರ್ಥವೇ ಆಗಲ್ಲ. ಇವರ ನಿಜವಾದ ಕೆಲಸ ಇರೋದು ಆ ರಾತ್ರಿಗಳ ಟೇಪ್‌ಗಳಲ್ಲಿ.

ಆ ಟೇಪ್‌ಗಳು ಬಂದದ್ದು ಎಲ್ಲಿಂದ? ಎರಡು ಕಡೆಯಿಂದ.

ಮೊದಲನೆಯದು ಬ್ಯಾಂಡಿನ ಒಳಗಿಂದ. ಅವರ ಶುರುವಿನ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟಾನ್ಲಿ, ಅಡ್ಡಹೆಸರು ‘ಬೇರ್’, ಅಂದ್ರೆ ಕರಡಿ. ತನ್ನ ಕೆಲಸ ಹೇಗಾಯ್ತು ಅಂತ ಆಮೇಲೆ ಕೇಳಿ ತಿದ್ದಿಕೊಳ್ಳೋಕೆ ಕಾರ್ಯಕ್ರಮಗಳನ್ನ ರೆಕಾರ್ಡ್ ಮಾಡ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ‘ಸೋನಿಕ್ ಜರ್ನಲ್’. ಶಬ್ದದ ಡೈರಿ ಅನ್ನಿ. ಮಾರೋಕಲ್ಲ, ಯಾರಿಗೂ ತೋರಿಸೋಕಲ್ಲ, ತನಗಾಗಿ ಬರೆದಿಟ್ಟ ಡೈರಿ.

ಎರಡನೆಯದು ಜನರ ಕಡೆಯಿಂದ. ಅಭಿಮಾನಿಗಳು ಮೈಕು, ರೆಕಾರ್ಡರ್ ಹಿಡಿದು ಹಾಲ್‌ಗೆ ಬರ್ತಿದ್ದರು. ಮಾಮೂಲಿ ಬ್ಯಾಂಡ್ ಆಗಿದ್ದರೆ ಗೇಟಲ್ಲೇ ಕಿತ್ಕೊಂಡು ಕಳಿಸ್ತಿದ್ದರು. ಇವರು ಬಹುತೇಕ ಕಂಡೂ ಕಾಣದಂಗೆ ಇದ್ದರು. ಒಮ್ಮೆ ನುಡಿಸಿ ಮುಗಿಸಿದ ಮೇಲೆ ಅದು ಜನರದ್ದು ಅನ್ನೋದು ಗಾರ್ಸಿಯಾನ ನಿಲುವು. ಕೊನೆಗೆ ಮೈಕ್ ಸ್ಟ್ಯಾಂಡ್‌ಗಳ ಕಾಡೇ ಬೆಳೆದು ಹಿಂದಿನವರಿಗೆ ವೇದಿಕೆ ಕಾಣದಂತಾಯಿತು. 1984ರ ಅಕ್ಟೋಬರ್‌ನಲ್ಲಿ ಬರ್ಕ್‌ಲಿಯ ಕಾರ್ಯಕ್ರಮದಿಂದ ಟೇಪ್ ಮಾಡೋರಿಗೆ ಅಂತಲೇ ಸೌಂಡ್‌ಬೋರ್ಡ್ ಹಿಂದೆ ಜಾಗ ಮೀಸಲಿಟ್ಟರು. ಅದಕ್ಕೆ ಬೇರೆಯದೇ ಟಿಕೆಟ್. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ.

ಇಂಟರ್‌ನೆಟ್ ಇಲ್ಲದ ಕಾಲ. ಹಂಚೋದು ಅಂದ್ರೆ ಖಾಲಿ ಕ್ಯಾಸೆಟ್ಟು, ವಾಪಸ್ ಕಳಿಸೋಕೆ ಅಂಚೆ ಖರ್ಚು ಎರಡನ್ನೂ ಕವರ್‌ನಲ್ಲಿ ಹಾಕಿ ಅಪರಿಚಿತರಿಗೆ ಕಳಿಸೋದು. ವಾರಗಟ್ಟಲೆ ಕಾದ ಮೇಲೆ ಒಂದು ರಾತ್ರಿ ಪೋಸ್ಟ್‌ನಲ್ಲಿ ಬರುತ್ತೆ! ಆದರೆ ಕಾಪಿಯಿಂದ ಕಾಪಿ ಆದಂತೆ ಸ್ಸ್ ಅನ್ನೋ ಶಬ್ದ ಜಾಸ್ತಿ, ಸಂಗೀತ ಕಡಿಮೆ. ‘ನಿನ್ನ ಹತ್ರ ಇರೋದು ಎಷ್ಟನೇ ಜನರೇಷನ್?’ ಅನ್ನೋದು ಆ ಲೋಕದ ಮಾಮೂಲಿ ಪ್ರಶ್ನೆ.

ಈ ಎರಡು ಬಗೆಯ ಟೇಪ್ ಕೇಳೋಕೆ ಬೇರೆ ಬೇರೆ ಥರ ಇರುತ್ತೆ. ಸೌಂಡ್‌ಬೋರ್ಡ್ ಟೇಪ್ ಅಂದ್ರೆ ವೇದಿಕೆಯ ಮೈಕ್‌ಗಳಿಂದ ಮಿಕ್ಸರ್‌ಗೆ ಬಂದ ಶಬ್ದ ನೇರವಾಗಿ ಟೇಪ್‌ಗೆ. ಚೊಕ್ಕ. ಪ್ರತಿ ತಂತಿ ಕೇಳುತ್ತೆ. ಆದರೆ ಎಷ್ಟೋ ಸಲ ತೂಕ ಸರಿ ಇರಲ್ಲ. ಸಣ್ಣ ಹಾಲ್‌ನಲ್ಲಿ ಗಿಟಾರ್ ಆಂಪ್ ತಾನೇ ಜೋರಾಗಿ ಕೇಳ್ತಿರುತ್ತೆ, ಹಾಗಾಗಿ ಮಿಕ್ಸರ್‌ನಲ್ಲಿ ಅದನ್ನ ಕಡಿಮೆ ಇಟ್ಟಿರ್ತಾರೆ. ಟೇಪ್‌ನಲ್ಲಿ ನೋಡಿದ್ರೆ ಹಾಡುವ ದನಿ ಮುಂದೆ, ಗಿಟಾರ್ ಎಲ್ಲೋ ಹಿಂದೆ. ಪ್ರೇಕ್ಷಕರ ಟೇಪ್‌ನಲ್ಲಿ ಹಾಲ್‌ಗೆ ಹಾಲೇ ಇರುತ್ತೆ: ಪ್ರತಿಧ್ವನಿ, ಶಿಳ್ಳೆ, ಪಕ್ಕದವನ ಹರಟೆ. ಹಾಡು ಉತ್ತುಂಗಕ್ಕೆ ಹೋದಾಗಲೇ ಕ್ಯಾಸೆಟ್ ತಿರುಗಿಸಬೇಕಾಗಿ ಬಂದು ಒಂದು ಗ್ಯಾಪ್. ಎರಡನ್ನೂ ಸೇರಿಸಿ ಹೊಸದಾಗಿ ಮಿಕ್ಸ್ ಮಾಡಿದ್ದಕ್ಕೆ ‘ಮ್ಯಾಟ್ರಿಕ್ಸ್’ ಅಂತಾರೆ. ಹೊಸಬರು ಸೌಂಡ್‌ಬೋರ್ಡ್‌ನಿಂದ ಶುರು ಮಾಡಿ. ಆದರೆ ಜನ ಹುಚ್ಚೆದ್ದು ಕೂಗೋ ಆ ಕ್ಷಣ ಬೇಕು ಅಂದ್ರೆ ಪ್ರೇಕ್ಷಕರ ಟೇಪೇ ಆಗಬೇಕು ಅನ್ನೋದು ನನ್ನ ಅನಿಸಿಕೆ.

ಇನ್ನೊಂದು ತಮಾಷೆ. 1974ರ ಟೇಪ್‌ಗಳಲ್ಲಿ ದನಿ ವಿಚಿತ್ರವಾಗಿ ತೆಳುವಾಗಿ ಕೇಳಿದರೆ ನಿಮ್ಮ ಇಯರ್‌ಫೋನ್ ಬೈಬೇಡಿ. ಆ ವರ್ಷ ಇವರು ‘ವಾಲ್ ಆಫ್ ಸೌಂಡ್’ ಅಂತ ಸ್ಪೀಕರ್‌ಗಳ ದೊಡ್ಡ ಗೋಡೆಯನ್ನೇ ಬ್ಯಾಂಡಿನ ಬೆನ್ನಹಿಂದೆ ಕಟ್ಟಿಕೊಂಡು ಊರೂರು ಸುತ್ತಿದರು. ಸ್ಪೀಕರ್ ಹಿಂದೆ ಇದ್ದರೆ ಅದರ ಶಬ್ದ ಹಾಡುವ ಮೈಕ್‌ಗೆ ನುಗ್ಗಿ ಕಿರ್ರ್ ಅನ್ನುತ್ತೆ. ಅದನ್ನ ತಪ್ಪಿಸೋಕೆ ಪ್ರತಿ ಗಾಯಕನ ಮುಂದೆ ಎರಡು ಮೈಕು, ಒಂದಕ್ಕೊಂದು ಉಲ್ಟಾ ಜೋಡಣೆ. ಎರಡಕ್ಕೂ ಸಮನಾಗಿ ಬಂದ ಶಬ್ದ ಪರಸ್ಪರ ಹೊಡೆದುಹೋಗುತ್ತೆ, ಒಂದರಲ್ಲಿ ಮಾತ್ರ ಹಾಡಿದ ದನಿ ಉಳಿಯುತ್ತೆ. ಉಪಾಯ ಕೆಲಸ ಮಾಡ್ತು, ದನಿಯ ಮೈಕಟ್ಟು ಮಾತ್ರ ಕರಗಿಹೋಯಿತು.

ಈಗ ಈ ಸಂಚಿಕೆಯ ಮುಖ್ಯ ವಿಷಯಕ್ಕೆ ಬರ್ತೀನಿ. ಗ್ರೇಟ್‌ಫುಲ್ ಡೆಡ್‌ನ ಬೆಸ್ಟ್ ಕಾರ್ಯಕ್ರಮ ಯಾವುದು ಅಂತ ಯಾರನ್ನೇ ಕೇಳಿ, ಬಹಳಷ್ಟು ಜನ ಹೇಳೋದು ಒಂದೇ ತಾರೀಕು: 1977ರ ಮೇ 8. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರು, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಲ್ಲಿ ಹೊರಗೆ ಹಿಮ ಬಿದ್ದಿತ್ತಂತೆ. ಒಳಗೆ ನೂಕುನುಗ್ಗಲು. ಎಷ್ಟರ ಮಟ್ಟಿಗೆ ಅಂದ್ರೆ ಎರಡನೇ ಸೆಟ್‌ಗೆ ಮೊದಲು ವೇದಿಕೆಯಿಂದಲೇ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರೀರಿ ಅಂತ ಆಟದ ಥರ ಹೇಳಿಸಿದ್ದು ಟೇಪ್‌ನಲ್ಲೇ ಇದೆ. ಆಮೇಲೆ ‘ಸ್ಕಾರ್ಲೆಟ್ ಬಿಗೋನಿಯಾಸ್’ ಶುರು. ಅದು ಮುಗಿಯದೇ ನಿಧಾನಕ್ಕೆ ‘ಫೈರ್ ಆನ್ ದ ಮೌಂಟೇನ್’ ಆಗಿ ಬದಲಾಗುತ್ತೆ. ಎರಡೂ ಸೇರಿ 25 ನಿಮಿಷ ದಾಟುತ್ತೆ. ಇದರಲ್ಲಿ ‘ಫೈರ್’ ಆಗ ಹೊಚ್ಚ ಹೊಸ ಹಾಡು. ವೇದಿಕೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟೋ ಜಾಗದಲ್ಲಿ ಲೆಶ್‌ನ ಬೇಸ್ ಮೇಲೆ ಮಾತ್ರ ಗಮನ ಇಡಿ. ಹೊಸ ದಾರಿಯಲ್ಲಿ ಗಾಡಿ ಓಡಿಸೋರ ಎಚ್ಚರ, ಖುಷಿ ಎರಡೂ ಅಲ್ಲಿದೆ. ಕೊನೆಯಲ್ಲಿ ‘ಮಾರ್ನಿಂಗ್ ಡ್ಯೂ’. ಅದರ ಕಡೇ ನಾಲ್ಕೈದು ನಿಮಿಷ ಗಾರ್ಸಿಯಾ ಪಿಸುಮಾತಿನಿಂದ ಶುರು ಮಾಡಿ ಮೇಲೆ ಮೇಲೆ ಹತ್ತಿಕೊಂಡು ಹೋಗೋದನ್ನ ನಾನು ವಿವರಿಸಲ್ಲ, ಕೇಳಿ. ಅಂದಹಾಗೆ ಅವತ್ತು ಭಾನುವಾರ. ಮತ್ತೊಂದು ಶನಿವಾರ ರಾತ್ರಿ ಅನ್ನೋ ಹೆಸರಿನ ಹಾಡಿನಿಂದ ಕಾರ್ಯಕ್ರಮ ಮುಗಿಸಿದರು!

ಅದ್ಭುತ ರಾತ್ರಿ, ಅನುಮಾನ ಇಲ್ಲ. ಆದರೆ ಅತ್ಯುತ್ತಮವೇ? ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಬರುತ್ತೆ.

ಬೆಟ್ಟಿ ಕ್ಯಾಂಟರ್-ಜಾಕ್ಸನ್. ಗಂಡಸರೇ ತುಂಬಿದ್ದ ಆ ಕಾಲದ ಸೌಂಡ್ ಲೋಕದಲ್ಲಿ ಬ್ಯಾಂಡಿನ ರೆಕಾರ್ಡಿಂಗ್ ಎಂಜಿನಿಯರ್. ಹಾಲ್‌ನ ಸ್ಪೀಕರ್‌ಗೆ ಹೋಗೋ ಮಿಕ್ಸ್ ಬೇರೆ, ಟೇಪ್‌ಗೆ ಹೋಗೋ ಮಿಕ್ಸ್ ಬೇರೆ ಇರಬೇಕು ಅಂತ ಟೇಪ್‌ಗಾಗಿಯೇ ತನ್ನ ಕಿವಿ ನಂಬಿ ಮಿಕ್ಸ್ ಮಾಡ್ತಿದ್ದವರು. ಅದಕ್ಕೇ ಗಿಟಾರ್ ಎಲ್ಲಿರಬೇಕೋ ಅಲ್ಲಿದೆ, ದನಿ ಎಲ್ಲಿರಬೇಕೋ ಅಲ್ಲಿದೆ. ಕಾರ್ನೆಲ್ ರಾತ್ರಿ ರೆಕಾರ್ಡ್ ಆಗಿದ್ದು ಅವರ ಕೈಯಲ್ಲೇ.

ಮುಂದೆ ಅವರು ಬ್ಯಾಂಡಿನಿಂದ ದೂರವಾದರು, ಹಣದ ಕಷ್ಟ ಬಂತು. ರೀಲ್‌ಗಳನ್ನ ಇಟ್ಟಿದ್ದ ಸ್ಟೋರೇಜ್ ಕೋಣೆಯ ಬಾಡಿಗೆ ಕಟ್ಟೋಕಾಗಲಿಲ್ಲ. 1986ರಲ್ಲಿ ಒಳಗಿದ್ದದ್ದೆಲ್ಲ ಹರಾಜಾಯಿತು. ರೀಲ್‌ಗಳು ಬೇರೆ ಬೇರೆಯವರ ಪಾಲಾದವು. ಕೆಲವು ಹಾಳಾಗೋ ಹಂತದಲ್ಲಿದ್ದು, ಅಭಿಮಾನಿಗಳು ಜೋಪಾನವಾಗಿ ರಿಪೇರಿ ಮಾಡಿ ಕಾಪಿ ತೆಗೆದರು. ಹೀಗೆ ಹೊರಬಂದ ಟೇಪ್‌ಗಳಿಗೆ ‘ಬೆಟ್ಟಿ ಬೋರ್ಡ್ಸ್’ ಅನ್ನೋ ಹೆಸರೇ ಬಿತ್ತು. ಹತ್ತಾರು ಸಲ ಕಾಪಿಯಾದ, ಮಬ್ಬು ಮಬ್ಬಾದ ಕ್ಯಾಸೆಟ್‌ಗಳಲ್ಲೇ ಸಂಗೀತ ಹುಡುಕುತ್ತಿದ್ದ ಜನರ ಕೈಗೆ ಇದ್ದಕ್ಕಿದ್ದಂತೆ ಸ್ಫಟಿಕದಂಥ ಟೇಪ್ ಸಿಕ್ಕರೆ ಏನಾಗುತ್ತೆ? ಎಲ್ಲರೂ ಕಾಪಿ ಮಾಡಿಕೊಂಡರು. ಎಲ್ಲರ ಹತ್ತಿರ ಇರೋ ರಾತ್ರಿ ಎಲ್ಲರಿಗೂ ಇಷ್ಟದ ರಾತ್ರಿಯಾಯಿತು. ಕಾರ್ನೆಲ್ ದಂತಕಥೆ ಬೆಳೆದದ್ದರಲ್ಲಿ ಬೆರಳುಗಳಷ್ಟೇ ಪಾಲು ಬೆಟ್ಟಿಯ ಕಿವಿಗೂ ಇದೆ, ಆ ಹರಾಜಿಗೂ ಇದೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಕಾರ್ನೆಲ್ ಸೇರಿಸಿದ್ದನ್ನ 2012ರಲ್ಲಿ ಪ್ರಕಟಿಸಿತು. ಆಗಿನ್ನೂ ಅದು ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ! ಮೂಲ ರೀಲ್ ಬ್ಯಾಂಡಿನ ಭಂಡಾರದಲ್ಲಿ ಇರಲಿಲ್ಲವಲ್ಲ. ಅದು ವಾಪಸ್ ಬಂದು, ಅಂಗಡಿಗೆ ಬಂದದ್ದು 2017ರಲ್ಲಿ, 40 ವರ್ಷದ ನಂತರ.

ಹಂಚಿಕೊಳ್ಳಿ ಅನ್ನೋ ಬ್ಯಾಂಡಿನ ಮಾತಿಗೂ ಒಮ್ಮೆ ಪರೀಕ್ಷೆ ಬಂತು. ಇಂಟರ್‌ನೆಟ್ ಆರ್ಕೈವ್ ಅನ್ನೋ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಈ ಬ್ಯಾಂಡಿನ ಸಾವಿರಾರು ಟೇಪ್‌ಗಳು ಸೇರಿಕೊಂಡಿದ್ದವು. 2005ರ ನವೆಂಬರ್‌ನಲ್ಲಿ ಅವುಗಳ ಡೌನ್‌ಲೋಡ್ ಏಕಾಏಕಿ ನಿಂತಿತು. ಅಷ್ಟು ಹೊತ್ತಿಗೆ ಹಳೆಯ ಕಾರ್ಯಕ್ರಮಗಳನ್ನ ಆಯ್ದು ಮಾರೋದು ಬ್ಯಾಂಡಿಗೂ ಒಂದು ವ್ಯಾಪಾರ ಆಗಿತ್ತು. ಭಂಡಾರ ನೋಡಿಕೊಳ್ತಿದ್ದ ಡಿಕ್ ಲಾತ್ವಾಲಾ ಹೆಸರಿನ ‘ಡಿಕ್ಸ್ ಪಿಕ್ಸ್’ ಸರಣಿ 1993ರಲ್ಲೇ ಶುರುವಾಗಿತ್ತು. ಅಭಿಮಾನಿಗಳು ಕೆರಳಿದರು, ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಿಸಿದರು. ಕೆಲವೇ ದಿನದಲ್ಲಿ ಅರ್ಧ ರಾಜಿ: ಪ್ರೇಕ್ಷಕರ ಟೇಪ್ ಡೌನ್‌ಲೋಡ್ ಮಾಡಬಹುದು, ಸೌಂಡ್‌ಬೋರ್ಡ್ ಅಲ್ಲೇ ಕೂತು ಕೇಳಬಹುದು ಅಷ್ಟೇ. ನ್ಯಾಯವಾದ ರಾಜಿ ಅಂತ ನನಗನಿಸುತ್ತೆ, ಆದರೆ ಅವತ್ತಿನವರ ಸಿಟ್ಟೂ ಅರ್ಥವಾಗುತ್ತೆ. ಮನೆಮನೆಯ ಕಪಾಟಿನಲ್ಲಿ ಅವನ್ನ ಕಾಪಾಡಿದ್ದು ಅವರೇ ತಾನೇ?

ಹಾಗಾಗಿ ಕಾರ್ನೆಲ್ ಅಕ್ಕಪಕ್ಕ ಸ್ವಲ್ಪ ಸುತ್ತಾಡಿ. ಹಿಂದಿನ ದಿನ, ಮೇ 7, ಬೋಸ್ಟನ್. ಮರುದಿನ, ಮೇ 9, ಬಫಲೋ. ಅದೇ ಟೂರ್, ಅದೇ ಬ್ಯಾಂಡು. ಬಫಲೋದಲ್ಲಿ ಶುರುವಿಗೇ ‘ಹೆಲ್ಪ್ ಆನ್ ದ ವೇ’, ‘ಸ್ಲಿಪ್‌ನಾಟ್’, ‘ಫ್ರಾಂಕ್ಲಿನ್ಸ್ ಟವರ್’ ಮೂರನ್ನೂ ಉಸಿರು ಬಿಡದೆ ಹೆಣೆದಿದ್ದಾರೆ. ನನಗಂತೂ ಇದು ಕಾರ್ನೆಲ್‌ಗಿಂತ ಒಂದು ಕೂದಲೆಳೆ ಮೇಲು. ಬೈಯೋರು ಬೈಕೊಳ್ಳಿ. ಪೂರ್ತಿ ಬೇರೆ ರುಚಿ ಬೇಕಾದರೆ 1972ರ ಆಗಸ್ಟ್ 27, ಆರೆಗನ್ ರಾಜ್ಯದ ವೆನೀಟಾ. ಸುಡುಬಿಸಿಲಲ್ಲಿ ಬಯಲು ಕಾರ್ಯಕ್ರಮ, ಒಂದು ಡೈರಿಯ ಸಹಾಯಾರ್ಥ. ಅಲ್ಲಿನ ‘ಡಾರ್ಕ್ ಸ್ಟಾರ್’ ಅರ್ಧ ಗಂಟೆ ದಾಟುತ್ತೆ. ಗಾರ್ಸಿಯಾ ಇದ್ದ ಕೊನೆಯ ಕಾರ್ಯಕ್ರಮ, 1995ರ ಜುಲೈ 9ರ ಶಿಕಾಗೋ, ಅದೂ ಆರ್ಕೈವ್‌ನಲ್ಲಿದೆ. ದನಿ ದಣಿದಿದೆ, ಬೆರಳು ತಡವರಿಸುತ್ತೆ. ಅದನ್ನ ಮೊದಲ ದಿನವೇ ಕೇಳಬೇಡಿ. ಉಳಿದ ರಾತ್ರಿಗಳ ಪರಿಚಯ ಆದ ಮೇಲೆ ಕೇಳಿ.

ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದರೆ ಬಫಲೋದ ಮೊದಲ ಮೂರು ಹಾಡು ಸಾಕು, ಅರ್ಧ ದಾರಿ ಕಳೆದಿರುತ್ತೆ. ವೆನೀಟಾ ಮನೆಗೆ ಹೋಗಿ, ದೀಪ ಆರಿಸಿಕೊಂಡು.