ಎಂಬಿಎಗೆ ಮೊದಲು ಯಾವ ಪದವಿ?

ರೋಣ, ನರಗುಂದ, ಗಜೇಂದ್ರಗಡದ ಪಾಲಕರು ವಿದ್ಯಾರ್ಥಿವೇತನದ ಅರ್ಜಿ ತಂದಾಗ ನಮ್ಮನ್ನು ಕೇಳುವುದುಂಟು: “ಮುಂದ ಎಂಬಿಎ ಮಾಡಸ್ಬೇಕಂದ್ರ ಈಗ ಬಿಬಿಎನ ಓದಸ್ಬೇಕೇನ್ರಿ?” ಹಾಗೇನಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಮೂಲಕ ಎಂಬಿಎ ಸೇರಲು ಬಿಎ, ಬಿಎಸ್ಸಿ, ಬಿಕಾಂ, ಬಿಬಿಎ ಯಾವುದಾದರೂ ನಡೆಯುತ್ತದೆ. ಆದರೆ ಪದವಿಯಲ್ಲಿ ಒಟ್ಟು ಶೇ. 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45 ಸಾಕು. ನಮ್ಮಲ್ಲಿ ಪ್ರವರ್ಗ-1ರಲ್ಲಿರುವ ಪಿಂಜಾರ, ನದಾಫ ಮಕ್ಕಳಿಗೆ ಈ ರಿಯಾಯಿತಿ ಇದೆ, 2ಬಿಯವರಿಗೆ ಇಲ್ಲ.

ಆದ್ದರಿಂದ ಪದವಿಯ ಹೆಸರಿಗಿಂತ ಮಗುವಿಗೆ ಒಲಿದ ವಿಷಯ ಮುಖ್ಯ. ಲೆಕ್ಕದಲ್ಲಿ ಆಸಕ್ತಿಯಿದ್ದರೆ ಬಿಕಾಂ ಒಳ್ಳೆಯದು. ಎಂಬಿಎಯಲ್ಲಿ ಬರುವ ಲೆಕ್ಕಶಾಸ್ತ್ರ ಹೊಸದೆನಿಸದು. ಬಿಎ ಓದುವವರು ಅರ್ಥಶಾಸ್ತ್ರ ಆರಿಸಿಕೊಂಡು, ಇಂಗ್ಲಿಷ್ ಮತ್ತು ಗಣಿತದ ಅಭ್ಯಾಸ ಬಿಡದಿರಲಿ. ಪ್ರವೇಶ ಪರೀಕ್ಷೆ ಅವನ್ನೇ ಕೇಳುತ್ತದೆ.

ಬಿಬಿಎಗೆಂದೇ ಸಾಲ ಮಾಡಿ ಹುಬ್ಬಳ್ಳಿಯ ಹಾಸ್ಟೆಲ್‌ಗೆ ಕಳಿಸಬೇಕಿಲ್ಲ. ಹತ್ತಿರದ ಕಾಲೇಜಿನಲ್ಲಿ ಚೆನ್ನಾಗಿ ಓದಿ, ಉಳಿದ ಹಣವನ್ನು ಎಂಬಿಎ ಶುಲ್ಕಕ್ಕೆ ಇಟ್ಟರೆ ದಾನಿಗಳು ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ, ಇನ್‌ಶಾ ಅಲ್ಲಾಹ್. ಮಗಳಿರಲಿ, ಮಗನಿರಲಿ, ಕಾಲೇಜಿಗೆ ಹೆಸರು ಹಚ್ಚುವ ಮೊದಲು ಒಮ್ಮೆ ನಮ್ಮೊಂದಿಗೆ ಮಾತಾಡಿ.